ಮೆಣಸಿನ ಬಳ್ಳಿ ಸವರುವ ಪ್ರಾತ್ಯಕ್ಷಿಕೆ: ಅರ್ಧ ದಿನದಲ್ಲಿ ಏನೇನನ್ನು ಕೈಯಿಂದಲೇ ಮಾಡಿಸಬೇಕು?

ಹುಲೇಕಲ್ ತೋಟಿಗ

ಎಲ್ಲರಿಗೂ ನಮಸ್ಕಾರ. ಮಾರ್ಚ್ ಮೊದಲ ವಾರ, ಕಾಳು ಕೊಯ್ಲು ಮುಗಿದ ತೋಟವೊಂದರಲ್ಲಿ ಮೆಣಸಿನ ಬಳ್ಳಿ ಸವರುವ ಪ್ರಾತ್ಯಕ್ಷಿಕೆ ಇಟ್ಟುಕೊಂಡಿದ್ದೇವೆ. ಹದಿನೆಂಟು ಜನ ಬರುತ್ತಾರೆ. ಹೆಚ್ಚಿನವರು ಅಡಕೆ ತೋಟದವರು, ಐದಾರು ಮಂದಿ ತೋಟದ ಕೆಲಸಕ್ಕೆ ಹೋಗುವ ಹುಡುಗರು. ಭಾಷಣ ಬೇಡ, ಕತ್ತರಿ ಹಿಡಿದು ಕಲಿಯುವಂತಿರಬೇಕು. ಬೆಳಿಗ್ಗೆ ಎಂಟರಿಂದ ಹನ್ನೆರಡೂವರೆ ತನಕ ಸಮಯ ಇದೆ. ಕೇಳುವುದು ಇಷ್ಟು: ಮೊದಲು ಏನು ಹೇಳಿಕೊಡಬೇಕು? ಹಬ್ಬುಬಳ್ಳಿಯನ್ನು ಈಗಲೇ ತೆಗೆಸಬೇಕೋ, ಮೇ ತಿಂಗಳಿಗೆ ಬಿಡಬೇಕೋ? ಅಡಕೆ ಮರದ ಮೇಲೆ ಬಳ್ಳಿಯನ್ನು ಎಷ್ಟು ಎತ್ತರಕ್ಕೆ ನಿಲ್ಲಿಸಬೇಕು? ತಿಳಿದವರು ವಿವರವಾಗಿ ಬರೆಯಿರಿ.

ಸಾಲ್ಕಣಿ ಬಳ್ಳಿ

ಮೊದಲ ಒಂದು ಗಂಟೆ ಯಾರ ಕೈಗೂ ಕತ್ತರಿ ಕೊಡಬೇಡಿ. ಟಿಸಿಲಿನ ಜಾತಿ ಗುರುತಿಸುವುದು ಬಂದರೆ ಕತ್ತರಿ ಕೆಲಸ ಅರ್ಧ ಮುಗಿದ ಹಾಗೆ. ಮೆಣಸಿನ ಬಳ್ಳಿಯಲ್ಲಿ ನಾಲ್ಕು ತರಹದ ಕುಡಿ ಇರುತ್ತವೆ.

ಒಂದು, ಏರುಬಳ್ಳಿ. ಮರಕ್ಕೆ ಅಂಟಿಕೊಂಡು ನೇರ ಮೇಲೆ ಹೋಗುತ್ತದೆ, ಪ್ರತಿ ಗಂಟಿನಲ್ಲೂ ಅಂಟುಬೇರು ಇರುತ್ತದೆ. ಇದು ಬಳ್ಳಿಯ ಕಂಬ.

ಎರಡು, ಅಡ್ಡರೆಂಬೆ. ಏರುಬಳ್ಳಿಯ ಗಂಟಿನಿಂದ ಹೊರಚಾಚಿ ಬರುತ್ತದೆ, ಇದಕ್ಕೆ ಅಂಟುಬೇರು ಇರುವುದಿಲ್ಲ. ಕಾಳು ಬಿಡುವುದು ಇದರಲ್ಲಿ ಮಾತ್ರ. ಮಳೆ ಬಿದ್ದು ಹೊಸ ಚಿಗುರು ಬಂದಾಗ ಎಲೆಯ ಎದುರು ಬದಿಯಿಂದ ಗೆರೆ (ಕಾಳು ಕಟ್ಟುವ ಹೂತೆನೆ) ಹೊರಡುತ್ತದೆ.

ಮೂರು, ಹಬ್ಬುಬಳ್ಳಿ. ಬುಡದಿಂದ ಹೊರಟು ನೆಲದ ಮೇಲೆ ಹರಿದಾಡುತ್ತದೆ, ಮಣ್ಣು ಮುಟ್ಟಿದ ಗಂಟಿನಲ್ಲೆಲ್ಲ ಬೇರು ಬಿಡುತ್ತದೆ.

ನಾಲ್ಕು, ಜೋತುಬಳ್ಳಿ. ಹಿಡಿಯಲು ಆಸರೆ ಸಿಗದೆ ತುದಿಯಿಂದ ಕೆಳಗೆ ಇಳಿಬೀಳುತ್ತದೆ. ಸಣಕಲು ಕಾಂಡ, ದೂರದೂರ ಗಂಟು, ಚಿಕ್ಕ ಎಲೆ.

ಎರಡು ಬಣ್ಣದ ಬಟ್ಟೆ ಪಟ್ಟಿ ತನ್ನಿ. ತೆಗೆಯಬೇಕಾದ್ದಕ್ಕೆ ಕೆಂಪು, ಉಳಿಸಬೇಕಾದ್ದಕ್ಕೆ ಬಿಳಿ. ಮೂವರಿಗೆ ಒಂದು ಬಳ್ಳಿ ಕೊಟ್ಟು ಪಟ್ಟಿ ಕಟ್ಟಿಸಿ, ‘ಇದು ಎಂತಕ್ಕೆ ಕೆಂಪು’ ಎಂದು ಅವರ ಬಾಯಿಂದಲೇ ಹೇಳಿಸಿ. ತಪ್ಪು ಪಟ್ಟಿ ಬಿಚ್ಚಿ ಕಟ್ಟಬಹುದು, ತಪ್ಪಾಗಿ ಕೊಯ್ದ ಅಡ್ಡರೆಂಬೆಯನ್ನು ಅಂಟಿಸಲು ಬರುವುದಿಲ್ಲ. ಒಮ್ಮೆ ಅಡ್ಡರೆಂಬೆ ಕಳೆದುಕೊಂಡ ಗಂಟಿನಿಂದ ಮತ್ತೊಂದು ಬರುವುದು ಅಪರೂಪ. ಬಳ್ಳಿಯ ನಡುವೆ ಬೋಳು ಜಾಗ ಹಾಗೇ ಉಳಿದು, ಪ್ರತಿ ವರ್ಷ ಅಷ್ಟು ಕಾಳು ಖೋತಾ.

ತಿಕೋಟಾದವ (ಈಗ ಶಿರಸಿ)

ನಮ್ಮ ವಿಜಯಪುರ ಕಡೆ ದ್ರಾಕ್ಷಿಗೆ ವರ್ಷಕ್ಕೆ ಎರಡು ಸಲ ಚಾಟ್ನಿ ರೀ, ಅಂದರೆ ಸವರುವುದು. ಏಪ್ರಿಲ್ ಚಾಟ್ನಿಯಲ್ಲಿ ಕಡ್ಡಿಗೆ ಒಂದೇ ಕಣ್ಣು (ಚಿಗುರುವ ಮೊಗ್ಗು) ಬಿಟ್ಟು ಬೋಳಿಸುತ್ತೇವೆ. ಅಲ್ಲಿಂದ ಬರುವ ಹೊಸ ಕಡ್ಡಿಯಲ್ಲಿ ಮುಂದಿನ ಹಣ್ಣಿನ ಕಣ್ಣು ತಯಾರಾಗುತ್ತದೆ. ಅಕ್ಟೋಬರ್‌ನಲ್ಲಿ ಆ ಕಡ್ಡಿಯನ್ನು ಹಣ್ಣಿನ ಕಣ್ಣು ಇರುವ ತನಕ, ಥಾಮ್ಸನ್ ತಳಿ ಆದರೆ ಸುಮಾರು ಆರೇಳು ಕಣ್ಣಿಗೆ ಕತ್ತರಿಸಿದರೆ ಗೊಂಚಲು ಹೊರಡುತ್ತದೆ. ಮೆಣಸಿಗೂ ಹೀಗೆ ಅಡ್ಡರೆಂಬೆಯ ತುದಿ ಕತ್ತರಿಸಿದರೆ ಹೊಸ ಚಿಗುರು, ಹೆಚ್ಚು ಗೆರೆ ಬರಬೇಕಲ್ಲ? ಇಲ್ಲಿ ಕೆಲವರು ಹಾಗೆ ಮಾಡುವುದನ್ನು ನೋಡಿದ್ದೇನೆ, ಅದಕ್ಕೆ ಕೇಳಿದೆ.

ಸಾಲ್ಕಣಿ ಬಳ್ಳಿ

ಒಳ್ಳೆಯ ಪ್ರಶ್ನೆ ಸರ್, ಪ್ರಾತ್ಯಕ್ಷಿಕೆಯಲ್ಲೂ ಇದು ಬಂದೇ ಬರುತ್ತದೆ. ದ್ರಾಕ್ಷಿ ಎಲೆ ಉದುರಿಸಿ ವಿಶ್ರಾಂತಿಗೆ ಹೋಗುವ ಜಾತಿ, ಬೋಳಿಸಿದರೂ ಕಾಂಡದಲ್ಲಿ ಕೂಡಿಟ್ಟ ಆಹಾರದಿಂದ ಎದ್ದು ಬರುತ್ತದೆ. ಮೆಣಸು ಹಾಗಲ್ಲ, ವರ್ಷವಿಡೀ ಹಸಿರು. ಗೆರೆ ಬರುವುದು ಅಡ್ಡರೆಂಬೆಯ ಬೆಳೆಯುವ ತುದಿಯಲ್ಲಿ ಹೊಸ ಎಲೆಯ ಜೊತೆಗೇ. ಮಾರ್ಚ್ ಏಪ್ರಿಲ್‌ನಲ್ಲಿ ಆ ತುದಿ ಕೊಯ್ದರೆ ಮುಂಗಾರಿನ ಮೊದಲ ಗೆರೆಯನ್ನೇ ಕೊಯ್ದಂತೆ. ಪಕ್ಕದ ಕಣ್ಣು ಎದ್ದು ಬರುತ್ತದೆ ನಿಜ, ಆದರೆ ತಡವಾಗಿ. ತಡವಾಗಿ ಬಂದ ಗೆರೆಯಲ್ಲಿ ಕಾಳು ಕಚ್ಚುವುದು ಕಡಿಮೆ.

ಅಡ್ಡರೆಂಬೆಯಲ್ಲಿ ತೆಗೆಯಬೇಕಾದ್ದು ಒಣಗಿದ್ದು, ರೋಗ ಬಂದದ್ದು, ನೆಲದಿಂದ ಒಂದೂವರೆ ಅಡಿಯೊಳಗೆ ಇರುವುದು, ಇಷ್ಟೇ.

ತಿಕೋಟಾದವ (ಈಗ ಶಿರಸಿ)

ತಿಳಿಯಿತು ರೀ. ಹಾಗಾದರೆ ದ್ರಾಕ್ಷಿಯಿಂದ ಇಲ್ಲಿಗೆ ತರಬಹುದಾದ್ದು ಕತ್ತರಿ ಹಿಡಿಯುವ ರೀತಿ. ಕತ್ತರಿಗೆ ಎರಡು ಬಾಯಿ: ಒಂದು ತೆಳ್ಳಗಿನ ಹರಿತದ ಅಲಗು, ಇನ್ನೊಂದು ದಪ್ಪ ಕೊಕ್ಕೆ. ಹರಿತದ ಅಲಗು ಯಾವಾಗಲೂ ಉಳಿಯುವ ಭಾಗದ ಕಡೆ ಇರಬೇಕು. ತಿರುಗಿಸಿ ಹಿಡಿದರೆ ದಪ್ಪ ಬಾಯಿ ಉಳಿಯುವ ಕಾಂಡವನ್ನು ಜಜ್ಜುತ್ತದೆ, ಜಜ್ಜಿದ ಗಾಯ ಬೇಗ ಮಾಯುವುದಿಲ್ಲ. ಎಡಗೈಯವರಿಗೆ ಮಾಮೂಲಿ ಕತ್ತರಿ ಉಲ್ಟಾ ಆಗುತ್ತದೆ, ಅವರಿಗೆ ಬೇರೆಯಾಗಿ ತೋರಿಸಿ. ಬೆರಳು ದಪ್ಪಕ್ಕಿಂತ ಹೆಚ್ಚಿನ ಕಾಂಡಕ್ಕೆ ಕತ್ತರಿ ಬೇಡ, ಸಣ್ಣ ಗರಗಸ ಒಳ್ಳೆಯದು. ಸ್ಪ್ರಿಂಗ್ ಸಡಿಲಾದ ಕತ್ತರಿಯನ್ನು ಮೊದಲೇ ತೆಗೆದಿಡಿ, ತಿರುಚಿ ಕೊಯ್ಯುವ ಅಭ್ಯಾಸ ಅದರಿಂದಲೇ ಬರುವುದು.

ಮಂಚಿಕೇರಿ ಸಸಿ

ಹಬ್ಬುಬಳ್ಳಿ ವಿಷಯಕ್ಕೆ ಬರುತ್ತೇನೆ. ಫೆಬ್ರವರಿ–ಮಾರ್ಚ್‌ನಲ್ಲೇ ತೆಗೆಯಿರಿ, ಯಾಕೆಂದರೆ ಅದೇ ಸಸಿಗೆ ಬೀಜ. ಮೇ ತನಕ ಬಿಟ್ಟರೆ ಜೂನ್–ಜುಲೈ ನಾಟಿಗೆ ಸಸಿ ಸಿದ್ಧವಾಗುವುದಿಲ್ಲ, ಬೇರು ಕಟ್ಟಿ ನಾಲ್ಕೈದು ಎಲೆ ಬರಲು ಮೂರು ತಿಂಗಳು ಬೇಕು.

ಇದಕ್ಕೆ ತಯಾರಿ ಮೊದಲೇ ಆಗಿರಬೇಕು. ಐದರಿಂದ ಹನ್ನೆರಡು ವರ್ಷದ, ಪ್ರತಿ ವರ್ಷ ಒಂದೇ ಸಮ ಕಾಳು ಕೊಡುವ, ಗೆರೆ ತುಂಬ ಕಾಳು ಕಟ್ಟುವ ಬಳ್ಳಿಯನ್ನು ಕಾಳು ಇರುವಾಗಲೇ ಗುರುತು ಹಾಕಿಟ್ಟುಕೊಳ್ಳಬೇಕು. ಅದರ ಬುಡದ ಹಬ್ಬುಬಳ್ಳಿಯನ್ನು ನೆಲಕ್ಕೆ ಬಿಡದೆ ಒಂದು ಗೂಟಕ್ಕೆ ಸುತ್ತಿಡಬೇಕು. ನೆಲದಲ್ಲಿ ಬೇರು ಬಿಟ್ಟ ತುಂಡಿನ ಜೊತೆ ಮಣ್ಣಿನ ರೋಗವೂ ಬೇರಿನ ಜಂತುಹುಳುವೂ ಸಸಿಗೆ ಬರುತ್ತವೆ.

ಕೊಯ್ದ ಬಳ್ಳಿಯಲ್ಲಿ ತುದಿಯ ಎಳೆ ಭಾಗ ಬೇಡ, ಬುಡದ ಬಲಿತ ಭಾಗವೂ ಬೇಡ, ನಡುವಿನ ಮೂರನೇ ಒಂದು ಪಾಲು ತೆಗೆದುಕೊಳ್ಳಿ. ಎರಡು ಮೂರು ಗಂಟಿನ ತುಂಡು ಮಾಡಿ, ಎಲೆ ತೆಗೆದು ತೊಟ್ಟು ಮಾತ್ರ ಉಳಿಸಿ. ಕೆಳಗಿನ ಕೊಯ್ಲು ಗಂಟಿಗಿಂತ ಸ್ವಲ್ಪ ಕೆಳಗೆ, ಓರೆಯಾಗಿ ಇರಲಿ. ಐಬಿಎ (ಬೇರು ಬರಿಸುವ ಹಾರ್ಮೋನು) 1000 ಪಿಪಿಎಂ ದ್ರಾವಣದಲ್ಲಿ ಬುಡವನ್ನು 45 ಸೆಕೆಂಡ್ ಅದ್ದಿದರೆ ಬೇರು ಚೆನ್ನಾಗಿ ಬರುತ್ತದೆ. ಚೀಲಕ್ಕೆ ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕೊಟ್ಟಿಗೆ ಗೊಬ್ಬರ. ಒಂದು ಗಂಟಾದರೂ ಮಣ್ಣೊಳಗೆ ಹೋಗಬೇಕು. ಚೀಲದ ತಳಕ್ಕೆ ತೂತು ಕಡಿಮೆಯಾದರೆ ಬುಡ ಕಪ್ಪಾಗಿ ಕೊಳೆಯುತ್ತದೆ, ಹೆಚ್ಚು ಸಸಿ ಸಾಯುವುದು ಇಲ್ಲೇ.

ಜೋತುಬಳ್ಳಿಯಿಂದ ಸಸಿ ಮಾಡಬೇಡಿ, ಏಳಿಗೆ ಇಲ್ಲ. ಅಡ್ಡರೆಂಬೆಯಿಂದ ಮಾಡಿದ್ದು ಮರ ಏರುವುದಿಲ್ಲ, ಪೊದೆಯಾಗಿಯೇ ಇರುತ್ತದೆ. ಕುಂಡದಲ್ಲಿ ಬೆಳೆಯುವ ಪೊದೆಮೆಣಸು ಅದೇ.

ಸಿದ್ದಾಪುರ ಅಕ್ಕ

ಮಂಚಿಕೇರಿಯವರು ಹೇಳಿದ್ದು ಸಸಿ ಮಾಡುವವರಿಗೆ ಸರಿ. ಸಸಿ ಬೇಡದವರಿಗೆ ಮೇ ಮೂರನೇ ವಾರವೇ ಮುಖ್ಯ ಎಂಬುದು ನನ್ನ ವಾದ. ಮಾರ್ಚ್‌ನಲ್ಲಿ ತೆಗೆದ ಜಾಗದಿಂದ ಬೇಸಿಗೆಯ ಅಡ್ಡಮಳೆಗೆ ಮತ್ತೆ ಹಬ್ಬುತ್ತದೆ. ಅದನ್ನು ಹಾಗೇ ಬಿಟ್ಟರೆ ಜೂನ್‌ನಲ್ಲಿ ಮತ್ತೆ ಮಣ್ಣು ಮುಟ್ಟಿದ ಎಲೆ ಇದ್ದೇ ಇರುತ್ತದೆ. ಬುಡಕೊಳೆಯ ರೋಗಾಣು ಇರುವುದು ಮಣ್ಣಿನಲ್ಲಿ. ಮಳೆಹನಿ ಬಿದ್ದು ಸಿಡಿಯುವ ಮಣ್ಣಿನ ಜೊತೆ ಅದು ಮೊದಲು ಹತ್ತುವುದು ಈ ನೆಲ ಮುಟ್ಟಿದ ಎಲೆಗಳಿಗೆ. ಎಲೆಯ ಮೇಲೆ ಕಪ್ಪು ಮಚ್ಚೆ, ಮಚ್ಚೆಯ ಅಂಚು ದಾರ ಬಿಚ್ಚಿದ ಹಾಗೆ ಎಳೆಎಳೆಯಾಗಿ ಹರಡುತ್ತಿದ್ದರೆ ಅದೇ ಅದು. ಅಲ್ಲಿಂದ ಹಬ್ಬುಬಳ್ಳಿ, ಹಬ್ಬುಬಳ್ಳಿಯಿಂದ ತಾಯಿ ಬುಡ. ಬುಡ ಹಿಡಿದರೆ ಬಳ್ಳಿ ಕೆಲವೇ ವಾರಗಳಲ್ಲಿ ಎಲೆ, ಗೆರೆ ಉದುರಿಸಿ ನಿಂತಲ್ಲೇ ಸೊರಗುತ್ತದೆ. ಆಮೇಲೆ ಯಾವ ಔಷಧವೂ ಇಲ್ಲ.

ಹಾಗಾಗಿ ಎರಡು ಸುತ್ತು ಎಂದು ಕಲಿಸಿ. ಮಾರ್ಚ್‌ನಲ್ಲಿ ಸಸಿಗೆ, ಮೇ ಕೊನೆಯೊಳಗೆ ಬುಡ ಚೊಕ್ಕ ಮಾಡಲಿಕ್ಕೆ. ಮಳೆ ಹಿಡಿದ ಮೇಲೆ ಹೊರಟ ಹಬ್ಬುಬಳ್ಳಿಯನ್ನು ಕೊಯ್ಯಬೇಡಿ, ಎತ್ತಿ ಮರಕ್ಕೆ ಕಟ್ಟಿ. ಜಡಿಮಳೆಯಲ್ಲಿ ಹಸಿ ಗಾಯ ಮಾಡುವುದು ರೋಗಕ್ಕೆ ಬಾಗಿಲು ತೆರೆದಂತೆ.

ಮಂಚಿಕೇರಿ ಸಸಿ

ಒಪ್ಪಿದೆ ಅಕ್ಕ. ಎರಡು ಸುತ್ತೇ ಸರಿ. ಒಂದು ಸೇರಿಸುತ್ತೇನೆ: ಹುಡುಗರು ಹಬ್ಬುಬಳ್ಳಿಯನ್ನು ಹುಲ್ಲು ಕಿತ್ತ ಹಾಗೆ ಎಳೆದು ಕೀಳುತ್ತಾರೆ. ಎಳೆದರೆ ಬುಡದ ಸಿಪ್ಪೆ ಸೀಳಿ ಬರುತ್ತದೆ, ಆ ಸೀಳು ಮಣ್ಣಿನ ಮಟ್ಟದಲ್ಲೇ ಇರುತ್ತದೆ. ಎಡಗೈಯಲ್ಲಿ ಎತ್ತಿ ಹಿಡಿದು, ತಾಯಿಕಾಂಡದಿಂದ ಅರ್ಧ ಇಂಚು ಬಿಟ್ಟು, ನೀರು ನಿಲ್ಲದಂತೆ ಓರೆಯಾಗಿ ಕೊಯ್ಯಬೇಕು. ನೆಲದಲ್ಲಿ ಬೇರು ಬಿಟ್ಟಿದ್ದರೆ ಆ ಗಂಟಿನ ಎರಡೂ ಕಡೆ ಕೊಯ್ದು ತುಂಡನ್ನು ಬೇರೆ ತೆಗೆಯಿರಿ. ಬುಡದ ಹತ್ತಿರ ಗುದ್ದಲಿ ಕಂಡರೆ ಕಸಿದುಕೊಳ್ಳಿ. ಮೆಣಸಿನ ಬೇರು ಮೇಲುಮೇಲೆಯೇ ಇರುವುದು.

ಹುಲೇಕಲ್ ತೋಟಿಗ

ಎಲ್ಲ ಬರೆದುಕೊಳ್ಳುತ್ತಿದ್ದೇನೆ. ಎಳೆಬಳ್ಳಿಯ ವಿಷಯ? ತೋಟದಲ್ಲಿ ಎರಡನೇ ವರ್ಷದ ಪಣಿಯೂರು-1 ಮತ್ತು ಕುರಿಮಲೈ ತಳಿಗಳು ಇವೆ. ಕೆಳಗೆ ಎಂಟು ಅಡಿ ಬೋಳು, ಮೇಲೆ ಮಾತ್ರ ಸೊಪ್ಪು.

ಸಾಲ್ಕಣಿ ಬಳ್ಳಿ

ಅದು ಒಂದೇ ಕುಡಿಯನ್ನು ತಡೆಯಿಲ್ಲದೆ ಏರಲು ಬಿಟ್ಟದ್ದರ ಫಲ. ತುದಿಕುಡಿ ಜೋರಾಗಿ ಓಡುತ್ತಿರುವಷ್ಟು ಕಾಲ ಕೆಳಗಿನ ಕಣ್ಣು ಮಲಗಿರುತ್ತದೆ. ಎಬ್ಬಿಸಲು ಎರಡು ದಾರಿ.

ಮೊದಲನೆಯದು ಕುಡಿ ಚಿವುಟುವುದು. ಎಳೆಬಳ್ಳಿ ಎಂಟು ಹತ್ತು ಗಂಟು ಏರಿದಾಗ ತುದಿಯ ಮೂರು ನಾಲ್ಕು ಗಂಟು ತೆಗೆಯಿರಿ. ಕೆಳಗಿನಿಂದ ಎರಡು ಮೂರು ಏರುಬಳ್ಳಿ ಬರುತ್ತವೆ. ಅವನ್ನು ಮರದ ಸುತ್ತ ಹಂಚಿ ಕಟ್ಟಿ. ಅವೂ ಎಂಟು ಹತ್ತು ಗಂಟಾದಾಗ ಇನ್ನೊಮ್ಮೆ.

ಎರಡನೆಯದು ಇಳಿಸಿ ಸುತ್ತುವುದು. ನಿಮ್ಮ ಎರಡನೇ ವರ್ಷದ ಬೋಳುಬಳ್ಳಿಗೆ ಇದೇ ಸರಿ. ಜೂನ್‌ನಲ್ಲಿ ಮಣ್ಣು ನೆನೆದ ಮೇಲೆ ಕಟ್ಟು ಬಿಚ್ಚಿ, ಅಂಟುಬೇರನ್ನು ಕೆಳಗಿನಿಂದ ಒಂದೊಂದಾಗಿ ಬಿಡಿಸಿ. ಮೇಲಿನಿಂದ ಎಳೆದರೆ ಗಂಟಿನಲ್ಲಿ ಮುರಿಯುತ್ತದೆ. ಬುಡದ ಸುತ್ತ ನಾಲ್ಕು ಬೆರಳು ಆಳದ ಸಣ್ಣ ಕಾಲುವೆ ತೆಗೆದು, ಎಲೆ ಕಿತ್ತ ಬೋಳು ಕಾಂಡವನ್ನು ಅದರಲ್ಲಿ ಸುತ್ತಿ ಗೊಬ್ಬರ ಮಿಶ್ರಿತ ಮಣ್ಣು ಮುಚ್ಚಿ. ತುದಿಯ ಎರಡು ಮೂರು ಗಂಟು ಮಾತ್ರ ಮೇಲೆ ಉಳಿದು ಮರಕ್ಕೆ ಕಟ್ಟಿರಬೇಕು. ಹೂತ ಗಂಟಿನಿಂದ ಬೇರೂ ಬರುತ್ತದೆ, ಹೊಸ ಏರುಬಳ್ಳಿಯೂ ಬರುತ್ತದೆ. ನೀರು ನಿಲ್ಲುವ ಜಾಗದಲ್ಲಿ, ಹಿಂದೆ ಬುಡಕೊಳೆ ಬಂದ ಜಾಗದಲ್ಲಿ ಇದನ್ನು ಮಾಡಲೇಬೇಡಿ, ಹೂತದ್ದೆಲ್ಲ ಕೊಳೆಯುತ್ತದೆ. ಅಲ್ಲಿ ಚಿವುಟುವುದೊಂದೇ ದಾರಿ.

ಪ್ರಾತ್ಯಕ್ಷಿಕೆ ಮಾರ್ಚ್‌ನಲ್ಲಿ ಆದ್ದರಿಂದ ಇದನ್ನು ನಿಜವಾದ ಬಳ್ಳಿಯಲ್ಲಿ ಮಾಡಬೇಡಿ, ಬಿಸಿಲಿಗೆ ಬಾಡುತ್ತದೆ. ಕೊಯ್ದು ಬಿಸಾಡುವ ಬಳ್ಳಿಯೊಂದನ್ನು ಹಿಡಿದು ಸುತ್ತುವ ರೀತಿ ಮಾತ್ರ ಅಭ್ಯಾಸ ಮಾಡಿಸಿ.

ಕತಗಾಲ ಹಿತ್ತಲು

ಕಟ್ಟುವುದನ್ನೂ ಕಲಿಸಿ. ಅಡಕೆ ಮರ ನುಣುಪು, ಅಂಟುಬೇರು ಕಚ್ಚುವ ತನಕ ಕಟ್ಟು ಬೇಕೇ ಬೇಕು. ಪ್ಲಾಸ್ಟಿಕ್ ದಾರ, ತಂತಿ ಬೇಡ, ಕಾಂಡ ದಪ್ಪಗಾದಂತೆ ಕೊರೆದು ಮೇಲಿನ ಭಾಗ ಹಳದಿಯಾಗುತ್ತದೆ. ಬಾಳೆನಾರು, ಅಡಕೆ ಹಾಳೆಯ ಸೀಳು ಒಳ್ಳೆಯದು, ಕಚ್ಚುವಷ್ಟರಲ್ಲಿ ತಾನೇ ಕೊಳೆತು ಬೀಳುತ್ತದೆ. ಕಟ್ಟು ಗಂಟಿನ ಮೇಲೆಯೇ ಬರಬೇಕು, ಗಂಟು ಮರಕ್ಕೆ ತಾಗಿದರೆ ಮಾತ್ರ ಬೇರು ಹಿಡಿಯುವುದು. ಎರಡು ಗಂಟುಗಳ ನಡುವೆ ಕಟ್ಟಿದರೆ ಗಂಟು ಹೊರಗೆ ಬಾಗಿ ನಿಲ್ಲುತ್ತದೆ.

ನಮ್ಮ ಕುಮಟಾ ಕಡೆ ಹಿತ್ತಲಲ್ಲಿ ತೆಂಗು, ಹಲಸು, ಮಾವಿನ ಮೇಲೆ ಹಬ್ಬಿಸುವುದು ಹೆಚ್ಚು. ಚಿರೇಕಲ್ಲು ಮಣ್ಣು, ಬೇಸಿಗೆಯಲ್ಲಿ ಒಣ, ಮಳೆಗಾಲದಲ್ಲಿ ಚರಂಡಿಯಿಲ್ಲದಿದ್ದರೆ ಕೆರೆ. ಆಸರೆ ಮರದ ಸೊಪ್ಪು ಕಡಿಯುವ ವಿಷಯದಲ್ಲಿ ಕರಾವಳಿಯವರು ಘಟ್ಟದ ಮೇಲಿನ ಲೆಕ್ಕ ಹಿಡಿಯಬಾರದು. ಏಪ್ರಿಲ್‌ನಲ್ಲಿ ಪಡುವಣ, ದಕ್ಷಿಣ ಬದಿಯ ಕೊಂಬೆ ಕಡಿದರೆ ಮಧ್ಯಾಹ್ನದ ಬಿಸಿಲು ನೇರ ಬಳ್ಳಿಗೆ ಬಿದ್ದು ಎಲೆ ಸುಡುತ್ತದೆ. ಕೆಳಕೊಂಬೆ ಮಾತ್ರ, ಅದೂ ಮೇ ಕೊನೆಗೆ, ಮೋಡ ಕಟ್ಟಿದ ಮೇಲೆ. ನೆಡುವಾಗ ಮರದ ಉತ್ತರ ಬದಿಗೆ ನೆಡುವುದೂ ಇದೇ ಕಾರಣಕ್ಕೆ.

ಹುಲೇಕಲ್ ತೋಟಿಗ

ಎತ್ತರದ ಬಗ್ಗೆ ಯಾರೂ ಹೇಳಲಿಲ್ಲ.

ಸಿದ್ದಾಪುರ ಅಕ್ಕ

ಹದಿನೈದರಿಂದ ಹದಿನೆಂಟು ಅಡಿ. ಏಣಿ ಇಟ್ಟು ಒಬ್ಬ ಮನುಷ್ಯ ಧೈರ್ಯವಾಗಿ ಕೊಯ್ಯುವ ಎತ್ತರ ಅದು, ಔಷಧ ಹೊಡೆದರೂ ಎಲೆಯ ಅಡಿಭಾಗಕ್ಕೆ ತಾಗುತ್ತದೆ. ಅದರ ಮೇಲಿನ ಕಾಳು ಕಾಣಲಿಕ್ಕೆ ಚಂದ, ಕೊಯ್ಲಿನ ಕೂಲಿಯಲ್ಲಿ ಹೋಗುತ್ತದೆ.

ಅಡಕೆ ತೋಟದಲ್ಲಿ ಇನ್ನೊಂದು ಲೆಕ್ಕ ಉಂಟು. ಕೊನೆಗೌಡರು (ಅಡಕೆ ಕೊನೆ, ಅಂದರೆ ಗೊಂಚಲು ಕೊಯ್ಯುವವರು) ಕಾಲಿಗೆ ತಳೆ (ಹಗ್ಗದ ಬಳೆ) ಹಾಕಿ ಏರುವ ಮರಕ್ಕೆ ಬಳ್ಳಿ ಇದ್ದರೆ ಅವರಿಗೂ ಕಷ್ಟ, ಬಳ್ಳಿಯೂ ಜಜ್ಜಿ ಹೋಗುತ್ತದೆ. ಒಂದು ಮರ ಏರಿ ಅಲ್ಲಿಂದಲೇ ಪಕ್ಕದ ಮರಗಳಿಗೆ ದಾಟುವ ಪದ್ಧತಿ ಇರುವಲ್ಲಿ ಏರುವ ಮರಗಳನ್ನು ಬಿಟ್ಟು ಬಳ್ಳಿ ಹಬ್ಬಿಸಬೇಕು. ಫೈಬರ್ ದೋಟಿಯಲ್ಲಿ (ಉದ್ದನೆಯ ಕೊಯ್ಲುಕೋಲು) ಕೊಯ್ಯುವವರು ಕೊನೆಯನ್ನು ಬಳ್ಳಿಯ ಎದುರು ಬದಿಗೆ ಬೀಳಿಸುವಂತೆ ನಿಲ್ಲಬೇಕು. ತುಂಬಿದ ಅಡಕೆ ಕೊನೆಯೊಂದು ಮೇಲಿನಿಂದ ಬಿದ್ದರೆ ಹತ್ತಾರು ಅಡ್ಡರೆಂಬೆ ಒಟ್ಟಿಗೇ ಸೀಳುತ್ತದೆ.

ತುದಿ ನಿಲ್ಲಿಸುವ ಕೊಯ್ಲು ಒಂದು ಸಲದ್ದಲ್ಲ. ಕೊಯ್ದ ಕೆಳಗಿನ ಗಂಟುಗಳಿಂದ ಮತ್ತೆ ಏರುಕುಡಿ ಬರುತ್ತದೆ, ಆಸರೆ ಸಿಗದ್ದು ಜೋತುಬಳ್ಳಿಯಾಗಿ ಇಳಿಯುತ್ತದೆ. ಪ್ರತಿ ವರ್ಷ ಕಾಳು ಕೊಯ್ಲಾದ ಕೂಡಲೇ ಏಣಿ ಇರುವಾಗಲೇ ಎರಡನ್ನೂ ತೆಗೆಯಬೇಕು. ಜೋತುಬಳ್ಳಿ ಬಿಟ್ಟರೆ ಕೆಳಗಿನ ಅಡ್ಡರೆಂಬೆಗೆ ನೆರಳಾಗಿ ಗೆರೆ ಕಡಿಮೆಯಾಗುತ್ತದೆ. ನೆಲ ಮುಟ್ಟಿದರೆ ಮೇಲೆ ಹೇಳಿದ ರೋಗದ ದಾರಿಯೇ ಅದಕ್ಕೂ.

ಏರುಬಳ್ಳಿಯ ಸಂಖ್ಯೆಯೂ ಹೇಳಿ. ಅಡಕೆ ಮರಕ್ಕೆ ಮೂರು ನಾಲ್ಕು ಸಾಕು. ಹಲಸು, ಮಾವಿನಂಥ ದಪ್ಪ ಮರಕ್ಕೆ ಆರೆಂಟು.

ಅವರ್ಸಾ ಕರಾವಳಿ

ಏಣಿ ಎಂದಿರಲ್ಲ, ಅಲ್ಯೂಮಿನಿಯಂ ಏಣಿ ಮತ್ತು ದೋಟಿ ವಿಷಯ ಮೊದಲ ಹತ್ತು ನಿಮಿಷದಲ್ಲೇ ಹೇಳಿಬಿಡಿ. ತೋಟದ ಮೇಲೆ ಹಾದುಹೋಗುವ ವಿದ್ಯುತ್ ತಂತಿಯ ಕೆಳಗಿನ ಸಾಲಿನಲ್ಲಿ ಪ್ರಾತ್ಯಕ್ಷಿಕೆ ಬೇಡವೇ ಬೇಡ. ಕಾರ್ಬನ್ ದೋಟಿಯೂ ಕರೆಂಟ್ ಹರಿಸುತ್ತದೆ. ಏಣಿಯನ್ನು ಮೇಲೆ ಮರಕ್ಕೆ ಒಂದು ಕಟ್ಟು ಹಾಕಿಯೇ ಏರಬೇಕು, ಕೆಳಗೆ ಒಬ್ಬ ಹಿಡಿದಿರಬೇಕು.

ಇನ್ನು ಗಾಯಕ್ಕೆ ಏನು ಹಚ್ಚಿಸುತ್ತೀರಿ?

ಸಾಲ್ಕಣಿ ಬಳ್ಳಿ

ಪೆನ್ಸಿಲ್‌ಗಿಂತ ದಪ್ಪನೆಯ ಗಾಯಕ್ಕೆ ಬೋರ್ಡೋ ಮುಲಾಮು: 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ, ಒಟ್ಟು 10 ಲೀಟರ್ ನೀರು. ಪ್ರಾತ್ಯಕ್ಷಿಕೆಗೆ ಇದರ ಹತ್ತನೇ ಒಂದು ಭಾಗ ಮಾಡಿದರೆ ಸಾಕು. ಸಣ್ಣ ಗಾಯಕ್ಕೆ ಬೇಕಿಲ್ಲ, ಮಾರ್ಚ್ ಬಿಸಿಲಿಗೆ ಒಣಗುತ್ತದೆ.

ಮುಂಗಾರಿಗೆ ಮೊದಲು ಹೊಡೆಯುವ ಶೇಕಡಾ 1ರ ಬೋರ್ಡೋವನ್ನು ಅಡಕೆ ಬೆಳೆಗಾರರಿಗೆ ಹೇಳಿಕೊಡಬೇಕಿಲ್ಲ, ಕೊಳೆ ಔಷಧ ಎಲ್ಲರೂ ಮಾಡುತ್ತಾರೆ. ಆದರೂ ಪರೀಕ್ಷೆ ಮಾಡದೆ ಹೊಡೆಯುವವರು ಬಹಳ. 1 ಕೆ.ಜಿ. ಮೈಲುತುತ್ತ 50 ಲೀಟರ್ ನೀರಿನಲ್ಲಿ, 1 ಕೆ.ಜಿ. ಸುಣ್ಣ ಇನ್ನೊಂದು 50 ಲೀಟರ್‌ನಲ್ಲಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಹೊಯ್ಯಬೇಕು. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ ನೋಡಿ. ಅಲಗಿನ ಮೇಲೆ ಕೆಂಪು ಲೇಪ ಕೂತರೆ ತಾಮ್ರ ಹೆಚ್ಚಾಗಿದೆ, ಎಳೆ ಎಲೆ ಸುಡುತ್ತದೆ, ಸುಣ್ಣದ ನೀರು ಸೇರಿಸಬೇಕು. ಅಡಕೆಗೆ ಹೊಡೆಯುವ ದಿನವೇ ಬಳ್ಳಿಗೂ ಆಗುತ್ತದೆ, ಆದರೆ ಮೇಲಿನಿಂದ ತೊಟ್ಟಿಕ್ಕಿದ್ದು ಸಾಕೆಂದು ಬಿಡಬೇಡಿ, ಬಳ್ಳಿಗೆ ಕೆಳಗಿನಿಂದ ಮೇಲಕ್ಕೆ ಬೇರೆಯಾಗಿ ಹೊಡೆಯಬೇಕು.

ಬುಡಕ್ಕೆ ಕಾಪರ್ ಆಕ್ಸಿಕ್ಲೋರೈಡ್, ಲೀಟರಿಗೆ 2 ಗ್ರಾಂ, ದೊಡ್ಡ ಬಳ್ಳಿಗೆ 5ರಿಂದ 10 ಲೀಟರ್, ಬುಡದ ಸುತ್ತ ಒಂದೂವರೆ ಅಡಿ ದೂರದ ತನಕ. ಟ್ರೈಕೋಡರ್ಮಾ (ರೋಗ ತಡೆಯುವ ಉಪಕಾರಿ ಶಿಲೀಂಧ್ರ) ಹಾಕುವವರು ಇದರ ಜೊತೆ ಹಾಕಬೇಡಿ, ತಾಮ್ರಕ್ಕೆ ಅದು ಉಳಿಯುವುದಿಲ್ಲ. ಒಂದು ತಿಂಗಳು ಬಿಟ್ಟು, ಬಳ್ಳಿಗೆ 50 ಗ್ರಾಂ ಟ್ರೈಕೋಡರ್ಮಾವನ್ನು 1 ಕೆ.ಜಿ. ಬೇವಿನ ಹಿಂಡಿಯಲ್ಲಿ ಬೆರೆಸಿ ಕೊಡಿ.

ಮಂಚಿಕೇರಿ ಸಸಿ

ಕತ್ತರಿ ತೊಳೆಯುವುದನ್ನು ಬಿಟ್ಟುಬಿಟ್ಟಿರಿ. ತೋಟದಲ್ಲಿ ಕುಬ್ಜ ರೋಗದ ಬಳ್ಳಿ ಇದೆಯೇ ಎಂದು ಹಿಂದಿನ ದಿನ ನೋಡಿ ಇಡಿ. ಎಲೆ ಚಿಕ್ಕದಾಗಿ ಕಿರಿದಾಗಿ, ಹಳದಿ ಹಸಿರು ಮಚ್ಚೆಯಾಗಿ, ಸುಕ್ಕುಗಟ್ಟಿ, ಗಂಟುಗಳು ಒತ್ತೊತ್ತಾಗಿ ಇದ್ದರೆ ಅದು ವೈರಸ್. ಸೂಕ್ಷ್ಮ ಪೋಷಕಾಂಶದ ಕೊರತೆ ಎಂದು ಸ್ಪ್ರೇ ಹೊಡೆಯುತ್ತಾ ವರ್ಷ ಕಳೆಯುವವರು ಇದ್ದಾರೆ. ಅಂಥದ್ದನ್ನು ಕಲಿಯುವವರ ಕೈಗೆ ಕೊಡಬೇಡಿ, ಅದರಿಂದ ಸಸಿಯಂತೂ ಬೇಡವೇ ಬೇಡ. ಬಳ್ಳಿಯಿಂದ ಬಳ್ಳಿಗೆ ಹೋಗುವಾಗ ಸ್ಪಿರಿಟ್‌ನಲ್ಲಿ ನೆನೆಸಿದ ಬಟ್ಟೆಯಿಂದ ಅಲಗು ಒರೆಸಬೇಕು. ಬ್ಲೀಚಿಂಗ್ ನೀರಾದರೆ ಕತ್ತರಿ ತುಕ್ಕು ಹಿಡಿಯುತ್ತದೆ, ಕೆಲಸ ಮುಗಿದ ಮೇಲೆ ತೊಳೆದು ಎಣ್ಣೆ ಹಚ್ಚಿ.

ಹುಲೇಕಲ್ ತೋಟಿಗ

ಹದಿನೆಂಟು ಜನಕ್ಕೆ ಮೂವರಂತೆ ಆರು ಗುಂಪು, ಆರು ಕತ್ತರಿ, ಎರಡು ಏಣಿ, ಗುಂಪಿಗೆ ಒಂದು ಎಳೆಬಳ್ಳಿ ಒಂದು ಫಸಲು ಬಳ್ಳಿ ಎಂದು ಇಟ್ಟುಕೊಂಡೆ. ಏಣಿ ಎರಡೇ ಇರುವುದರಿಂದ ನಾಲ್ಕು ಗುಂಪು ಬುಡದ ಕೆಲಸ ಮಾಡುವಾಗ ಎರಡು ಗುಂಪು ತುದಿಯ ಕೆಲಸಕ್ಕೆ. ಕೊನೆಯದಾಗಿ, ಕೊಯ್ದದ್ದನ್ನೆಲ್ಲ ಏನು ಮಾಡಿಸಲಿ? ದರಕಿನ (ಉದುರಿದ ಒಣಎಲೆ) ಜೊತೆ ಬುಡಕ್ಕೇ ಹಾಕಬಹುದೇ?

ಸಿದ್ದಾಪುರ ಅಕ್ಕ

ಬುಡಕ್ಕೆ ಬೇಡ. ಹಸಿ ಹಬ್ಬುಬಳ್ಳಿ ಮುಚ್ಚಿಗೆಯ ಕೆಳಗೆ ಮತ್ತೆ ಬೇರು ಬಿಡುತ್ತದೆ. ರೋಗದ ಎಲೆ, ಕೊಳೆತ ಕಾಂಡ, ಸೊರಗಿದ ಬಳ್ಳಿಯದ್ದು ಏನೇ ಇದ್ದರೂ ತೋಟದ ಹೊರಗೆ ಒಯ್ದು ಸುಡಿ, ಗೊಬ್ಬರಗುಂಡಿಗೂ ಹಾಕಬೇಡಿ. ಆರೋಗ್ಯದ ಜೋತುಬಳ್ಳಿ, ಕೆಳರೆಂಬೆಯನ್ನು ಒಣಗಿಸಿ ಗುಂಡಿಗೆ ಹಾಕಬಹುದು. ಬುಡದ ಮುಚ್ಚಿಗೆಗೆ ಬೆಟ್ಟದ ದರಕೇ ಆಗಲಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು ಹರಡಿಸಿ.

ಮಂಚಿಕೇರಿ ಸಸಿ

ಸಸಿಗೆ ಆಯ್ದ ಹಬ್ಬುಬಳ್ಳಿಯನ್ನು ಮಾತ್ರ ಕೊಯ್ದ ಕೂಡಲೇ ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಲ್ಲಿ ಇಡಿ. ತಳಿಯ ಹೆಸರು ಬರೆದ ಚೀಟಿ ಪ್ರತಿ ಕಟ್ಟಿಗೂ ಇರಲಿ, ಎಲೆ ತೆಗೆದ ಮೇಲೆ ಕುರಿಮಲೈ ಯಾವುದು ಪಣಿಯೂರು ಯಾವುದು ಎಂದು ಯಾರಿಗೂ ಹೇಳಲಾಗುವುದಿಲ್ಲ. ಹನ್ನೆರಡೂವರೆಗೆ ಮುಗಿಸಿ ಊಟಕ್ಕೆ ಕೂರುವ ಮೊದಲೇ ತುಂಡು ಮಾಡಿ ಚೀಲಕ್ಕೆ ಹಾಕಿಸಿಬಿಡಿ. ಮರುದಿನಕ್ಕೆ ಇಟ್ಟರೆ ಗಂಟು ಒಣಗಿ ಬೇರು ಬಿಡುವುದು ತೀರಾ ಕಡಿಮೆಯಾಗುತ್ತದೆ.